ಆರ್ಕಿಡ್‌ಗೆ ಗೊಬ್ಬರ ಎಷ್ಟು, ಉಪ್ಪು ಎಷ್ಟು?

ಕೈತೋಟ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದಸರೆ ಮುಗಿದ ಬೆನ್ನಿಗೇ ಆರ್ಕಿಡ್ ಪ್ರಶ್ನೆಗಳು ಶುರುವಾಗುತ್ತವೆ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿದವರು ಹಾಗೆಯೇ ನರ್ಸರಿಗೆ ಹೊಕ್ಕು ಒಂದು ಕುಂಡವನ್ನಾದರೂ ಹಿಡಿದುಕೊಂಡು ಮನೆ ಸೇರುತ್ತಾರೆ. ಹೂವಿರುವಷ್ಟು ದಿನ ಚಿಂತೆಯಿಲ್ಲ. ಕೊನೆಯ ಹೂ ಉದುರಿದ ಮರುದಿನ ಎಲ್ಲರದೂ ಒಂದೇ ಪ್ರಶ್ನೆ: ಇದಕ್ಕೆ ಏನು ಹಾಕಬೇಕು? ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಗೊಬ್ಬರದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇವೆ. ಮೊದಲೇ ಒಂದು ಮಾತು. ಮನೆಗಳಲ್ಲಿ ಹಸಿವಿನಿಂದ ಸಾಯುವ ಆರ್ಕಿಡ್ ಕಡಿಮೆ, ಉಪ್ಪು ತಿಂದು ಸಾಯುವುದೇ ಹೆಚ್ಚು. ರಾಸಾಯನಿಕ ಗೊಬ್ಬರವೆಲ್ಲ ನೀರಲ್ಲಿ ಕರಗಿದ ಉಪ್ಪೇ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಪ್ರಶ್ನೆ: ಮನೆಯಲ್ಲಿ ಮೂರು ಫಲೆನಾಪ್ಸಿಸ್, ಎರಡು ಡೆಂಡ್ರೋಬಿಯಂ ಇವೆ. ಇದ್ದಿಲು, ಹೆಂಚಿನ ಚೂರಿನಲ್ಲಿ ನೆಟ್ಟದ್ದು. ಅಂಗಡಿಯಲ್ಲಿ 19:19:19, 30:10:10, 'ಆರ್ಕಿಡ್ ಸ್ಪೆಷಲ್' ಎಂದು ಏನೇನೋ ತೋರಿಸುತ್ತಾರೆ. ಯಾವುದು, ಎಷ್ಟು, ಎಷ್ಟು ದಿನಕ್ಕೊಮ್ಮೆ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: 19:19:19 ಸಾಕು. ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪಾಲು, ಇದನ್ನೇ ಎನ್‌ಪಿಕೆ ಎನ್ನುವುದು. ಲೀಟರ್ ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಪೊಟ್ಟಣದ ಮೇಲೆ ಲೀಟರಿಗೆ 3 ಗ್ರಾಂ, 5 ಗ್ರಾಂ ಎಂದೆಲ್ಲ ಅಚ್ಚಾಗಿದ್ದರೆ ಅದು ಹೊಲದ ಟೊಮೆಟೊ, ಮೆಣಸಿನ ಗಿಡಕ್ಕೆ ಸಿಂಪಡಿಸುವ ಲೆಕ್ಕ. ಆರ್ಕಿಡ್‌ಗೆ ಆ ಅಳತೆ ತಗಲಬಾರದು. ಅರ್ಧ ಗ್ರಾಂ ಹಾಕಿದರೆ ಒಂದು ಲೀಟರಿನಲ್ಲಿ 95 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರ್ಕಿಡ್‌ಗೆಂದೇ ರೂಪಿಸಿದ ಗೊಬ್ಬರವನ್ನು 125 ಮಿಲಿಗ್ರಾಂ ಮಟ್ಟದಲ್ಲಿ ಕೊಡುತ್ತಾರೆ. ಅದು ಗಾಜಿನ ಮನೆಯೊಳಗೆ, ಶುದ್ಧ ನೀರಿನಲ್ಲಿ ಬೆಳೆಯುವ ಗಿಡದ ಮಾತು. ನಮ್ಮ ಜಗಲಿ, ಬಾಲ್ಕನಿಗೆ 95 ಧಾರಾಳವಾಯಿತು.

ತೊಡಕಿರುವುದು ಅರ್ಧ ಗ್ರಾಂ ಅಳೆಯುವುದರಲ್ಲಿ. ಚಿಟಿಕೆ ನಂಬಬೇಡಿ, ಒಬ್ಬೊಬ್ಬರ ಚಿಟಿಕೆ ಒಂದೊಂದು ತೂಕ. ಗಿಡ ಹೆಚ್ಚಿದ್ದರೆ 10 ಲೀಟರ್ ಬಕೆಟಿಗೆ ತಲೆ ಸವರಿದ ಒಂದು ಟೀ ಚಮಚ, ಅಂದರೆ ಹತ್ತಿರ ಹತ್ತಿರ 5 ಗ್ರಾಂ. ನಿಮ್ಮಂತೆ ನಾಲ್ಕೈದೇ ಕುಂಡ ಇರುವವರು ಗಟ್ಟಿ ದ್ರಾವಣ ಮಾಡಿಟ್ಟುಕೊಳ್ಳುವುದು ಲೇಸು. 50 ಗ್ರಾಂ 19:19:19 ಅನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಒಟ್ಟು ಅರ್ಧ ಲೀಟರ್ ಆಗುವಷ್ಟು ನೀರು ಸೇರಿಸಿ. ಈ ದ್ರಾವಣದ 5 ಮಿ.ಲೀ.ನಲ್ಲಿ ಕರಾರುವಾಕ್ಕಾಗಿ ಅರ್ಧ ಗ್ರಾಂ ಗೊಬ್ಬರ ಇರುತ್ತದೆ. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಲೀಟರಿಗೆ 5 ಮಿ.ಲೀ. ಹಾಕಿ ಕಲಕಿದರೆ ಆಯಿತು. ಬಾಟಲಿಗೆ ಚೀಟಿ ಅಂಟಿಸಿ, ಕತ್ತಲಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಎರಡು ಮೂರು ವಾರದಲ್ಲಿ ಮುಗಿಯದಿದ್ದರೆ ಉಳಿದದ್ದನ್ನು ದಾಸವಾಳಕ್ಕೋ ಕರಿಬೇವಿಗೋ ನೀರು ಬೆರೆಸಿ ಹಾಕಿಬಿಡಿ.

30:10:10 ಬಗ್ಗೆ: ಅದರ ಸಾರಜನಕ ಬಹುಪಾಲು ಯೂರಿಯಾ ರೂಪದ್ದು. ಮರದ ತೊಗಟೆ ಚೂರಿನಲ್ಲಿ ಆರ್ಕಿಡ್ ಬೆಳೆಸುವ ದೇಶಗಳಲ್ಲಿ ತೊಗಟೆ ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕದ ಒಂದು ಪಾಲನ್ನು ತಿಂದುಹಾಕುತ್ತವೆಂದು ಹಾಗೆ ಹೆಚ್ಚು ಕೊಡುವ ರೂಢಿ ಬೆಳೆಯಿತು. ಇದ್ದಿಲು, ಹೆಂಚಿನ ಚೂರು ಕೊಳೆಯುವುದಿಲ್ಲ, ಸಾರಜನಕ ಕದಿಯುವವರೂ ಅಲ್ಲಿಲ್ಲ. 19:19:19ರಲ್ಲೂ ಅರ್ಧಕ್ಕಿಂತ ಹೆಚ್ಚು ಸಾರಜನಕ ಯೂರಿಯಾ ರೂಪದಲ್ಲೇ ಇದೆ, ಅದು ಇದರ ಸಣ್ಣ ಕೊರತೆ. ಹಾಗಾಗಿಯೇ ತಿಂಗಳಲ್ಲಿ ಒಂದು ವಾರ ಅದನ್ನು ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್ ಕೊಡಿ ಎನ್ನುತ್ತೇವೆ, ಅದೂ ಲೀಟರಿಗೆ ಅರ್ಧ ಗ್ರಾಂ. ಬೇರು ನೇರವಾಗಿ ಹೀರುವ ನೈಟ್ರೇಟ್ ಸಿಗುತ್ತದೆ, 19:19:19ರಲ್ಲಿ ಇಲ್ಲದ ಸುಣ್ಣದಂಶವೂ ಸಿಗುತ್ತದೆ. 'ಆರ್ಕಿಡ್ ಸ್ಪೆಷಲ್' ಕೊಳ್ಳುವ ಮೊದಲು ಡಬ್ಬಿಯ ಹಿಂಬದಿ ಓದಿ. ಅಲ್ಲಿ ಎನ್‌ಪಿಕೆ ಅಂಕಿ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಅಂಕಿ ಇದ್ದು ಸೂಕ್ಷ್ಮ ಪೋಷಕಾಂಶವೂ ಸೇರಿದ್ದರೆ ಒಳ್ಳೆಯದೇ, ಬೆಲೆ ಮಾತ್ರ ಹತ್ತಾರು ಪಟ್ಟು.

ಹೀಗೆ ನಾಲ್ಕು ವಾರದ ಚಕ್ರ ಮಾಡಿಕೊಳ್ಳಿ. ಮೊದಲ ಎರಡು ವಾರ 19:19:19, ಮೂರನೆಯ ವಾರ ಕ್ಯಾಲ್ಸಿಯಂ ನೈಟ್ರೇಟ್, ನಾಲ್ಕನೆಯ ವಾರ ಬರಿ ನೀರಿನಿಂದ ಕುಂಡ ತೊಳೆಯುವುದು. ಎರಡು ತಿಂಗಳಿಗೊಮ್ಮೆ ಮೊದಲ ವಾರದ 19:19:19 ನೀರಿಗೇ ಲೀಟರಿಗೆ ಅರ್ಧ ಗ್ರಾಂ ಎಪ್ಸಂ ಉಪ್ಪು, ಅಂದರೆ ಮೆಗ್ನೀಶಿಯಂ ಸಲ್ಫೇಟ್, ಸೇರಿಸಬಹುದು. ಕ್ಯಾಲ್ಸಿಯಂ ನೈಟ್ರೇಟನ್ನು ಮಾತ್ರ ಯಾವುದರ ಗಟ್ಟಿ ದ್ರಾವಣದ ಜೊತೆಗೂ ಬೆರೆಸಬೇಡಿ. ಎಪ್ಸಂ ಉಪ್ಪು ಸೇರಿದರೆ ಜಿಪ್ಸಂ, ರಂಜಕ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಹಾಲಿನಂತೆ ಬೆಳ್ಳಗೆ ತಳಕ್ಕೆ ಕೂರುತ್ತದೆ. ತಳದಲ್ಲಿ ಕೂತದ್ದು ಗಿಡಕ್ಕೆ ದಕ್ಕುವುದಿಲ್ಲ.

ಮೈಸೂರಿನ ಹವೆಯಲ್ಲಿ ಈ ಚಕ್ರ ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ. ನವೆಂಬರಿನಿಂದ ಫೆಬ್ರುವರಿವರೆಗೆ ರಾತ್ರಿ ತಣ್ಣಗಿರುತ್ತದೆ, ಬೆಳವಣಿಗೆ ನಿಧಾನ. ಆಗ ಎರಡು ಮೂರು ವಾರಕ್ಕೊಮ್ಮೆ ಸಾಕು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟಿದ ವಾರಗಳಲ್ಲಿ ಅಳತೆಯನ್ನು ಕಾಲು ಗ್ರಾಂಗೆ ಇಳಿಸಿ. ಆ ಬಿಸಿಗೆ ಕುಂಡದ ನೀರು ಬೇಗ ಆರುತ್ತದೆ, ಉಪ್ಪು ಅಲ್ಲೇ ಉಳಿದು ಗಟ್ಟಿಯಾಗುತ್ತದೆ.

ಕೊಡುವ ಕ್ರಮ: ಬೆಳಿಗ್ಗೆ 9 ಗಂಟೆಯೊಳಗೆ, ಬೇರಿನ ಮೇಲೆ, ಕುಂಡದ ತೂತಿನಿಂದ ಹೊರಗೆ ಹರಿಯುವವರೆಗೆ ಸುರಿಯಿರಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಒಂದು ಕುಂಡದಿಂದ ಹರಿದ ನೀರನ್ನು ಇನ್ನೊಂದು ಆರ್ಕಿಡ್‌ಗೆ ಹಾಕಿ ಉಳಿತಾಯ ಮಾಡಬೇಡಿ, ರೋಗ ಹರಡುವ ಸುಲಭದ ದಾರಿ ಅದು. ಫಲೆನಾಪ್ಸಿಸ್‌ನ ನಡುಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ, ಬಟ್ಟೆಯ ಅಥವಾ ಟಿಶ್ಯೂ ಕಾಗದದ ತುದಿಯಿಂದ ಒತ್ತಿ ತೆಗೆಯಿರಿ. ಎಲೆಗೆ ಸಿಂಪಡಿಸುವುದರಿಂದ ಲಾಭ ಅಲ್ಪ. ಈ ಗಿಡದ ದಪ್ಪ, ಮೇಣದ ಎಲೆ ಹೆಚ್ಚು ಹೀರುವುದಿಲ್ಲ. ಅದಕ್ಕೆ ಊಟ ಸೇರುವುದು ಬೇರಿನಿಂದ.

19:19:19 ಸಾಮಾನ್ಯವಾಗಿ ಒಂದು ಕೆ.ಜಿ. ಪೊಟ್ಟಣದಲ್ಲಿ ಸಿಗುತ್ತದೆ. '19 ಆಲ್' ಎಂದರೆ ಯಾವ ಗೊಬ್ಬರದಂಗಡಿಯವರೂ ಎತ್ತಿ ಕೊಡುತ್ತಾರೆ. ನಿಮ್ಮ ಐದು ಗಿಡಕ್ಕೆ ವಾರಕ್ಕೆ ಎರಡು ಲೀಟರ್ ಎಂದುಕೊಂಡರೂ ವರ್ಷವಿಡೀ 50 ಗ್ರಾಂ ದಾಟುವುದಿಲ್ಲ. ಒಂದು ಕೆ.ಜಿ. ತಂದರೆ ಇಪ್ಪತ್ತು ವರ್ಷದ ಸಾಮಾನು. ಬೀದಿಯವರೆಲ್ಲ ಹಂಚಿಕೊಳ್ಳಿ.

ಪ್ರಶ್ನೆ: ನಮ್ಮದು ಬೋರ್ ನೀರು. ಮಣ್ಣಿನ ಕುಂಡದ ಹೊರಮೈ, ಇದ್ದಿಲ ಮೇಲೆಲ್ಲ ಬಿಳಿ ಪೊರೆ ಕಟ್ಟಿದೆ. ಬೇರಿನ ತುದಿ ಕಪ್ಪಾಗಿ ನಿಂತಿವೆ, ಎಲೆಯ ತುದಿ ಸುಟ್ಟಂತಾಗಿದೆ. ಗೊಬ್ಬರ ಸಾಲದೆಂದು ಅಳತೆ ಜಾಸ್ತಿ ಮಾಡಿದೆ. ಇನ್ನೂ ಕೆಟ್ಟಿತು.
— ಓದುಗರು, ಮಂಡ್ಯ

ಉತ್ತರ: ಅಳತೆ ಹೆಚ್ಚಿಸಿದ್ದೇ ತಪ್ಪಾಯಿತು. ನೀವು ಬರೆದ ಮೂರು ಲಕ್ಷಣವೂ ಉಪ್ಪು ಹೆಚ್ಚಾದದ್ದರ ಗುರುತು. ಬೋರ್ ನೀರಿನಲ್ಲಿ ಸುಣ್ಣ, ಮೆಗ್ನೀಶಿಯಂ, ಸೋಡಿಯಂ ಮೊದಲೇ ಕರಗಿವೆ. ನೀವು ಹಾಕುವ ಗೊಬ್ಬರ ಅದರ ಮೇಲೆ ಕೂರುತ್ತದೆ. ಬೇರಿನೊಳಗಿಗಿಂತ ಹೊರಗೆ ಉಪ್ಪು ಹೆಚ್ಚಾದಾಗ ಬೇರು ನೀರು ಹೀರುವ ಬದಲು ಕಳೆದುಕೊಳ್ಳುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನ ಹೋಳು ನೀರು ಬಿಟ್ಟುಕೊಳ್ಳುವುದಿಲ್ಲವೇ, ಹಾಗೆ. ಮೊದಲು ಕರಗುವುದು ಬೆಳೆಯುವ ಹಸಿರು ತುದಿ.

ನೀರಿನಲ್ಲಿ ಕರಗಿದ ಉಪ್ಪನ್ನು ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಲೆಕ್ಕದಲ್ಲಿ ತೋರಿಸುವ ಟಿಡಿಎಸ್ ಮೀಟರ್ ಒಂದನ್ನು ಕೊಳ್ಳಿ. ಕೆಲವೇ ನೂರು ರೂಪಾಯಿ, ಯಾವ ಗೊಬ್ಬರಕ್ಕಿಂತಲೂ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗೊಬ್ಬರ ಹಾಕುವ ಮೊದಲಿನ ನೀರು 200ರ ಒಳಗಿದ್ದರೆ ನಿಶ್ಚಿಂತೆ. 200ರಿಂದ 400 ಇದ್ದರೆ ಗೊಬ್ಬರವನ್ನು ಕಾಲು ಗ್ರಾಂಗೆ ಇಳಿಸಿ, ಹದಿನೈದು ದಿನಕ್ಕೊಮ್ಮೆ ಕುಂಡ ತೊಳೆಯಿರಿ. 500 ದಾಟಿದ ನೀರು ಆರ್ಕಿಡ್‌ಗೆ ಬೇಡವೇ ಬೇಡ. ಹಾಗಿದ್ದರೆ ಅದನ್ನು ಒಳ್ಳೆಯ ನೀರಿನ ಜೊತೆ ಬೆರೆಸಬೇಕು. ಉದಾಹರಣೆಗೆ, ನಿಮ್ಮ ಬೋರ್ ನೀರು 800, ಮನೆಯ ಆರ್‌ಒ ನೀರು 40 ಎಂದಿಟ್ಟುಕೊಳ್ಳಿ. ಒಂದು ಪಾಲು ಬೋರ್, ಮೂರು ಪಾಲು ಆರ್‌ಒ ಬೆರೆಸಿದರೆ 230ಕ್ಕೆ ಇಳಿಯುತ್ತದೆ. ಇಂಥ ಬೆರಕೆ ನೀರಿನಲ್ಲಿ ಸುಣ್ಣ ಹೇಗೂ ಇರುವುದರಿಂದ ಕ್ಯಾಲ್ಸಿಯಂ ನೈಟ್ರೇಟ್ ಕೊಡುವ ಅಗತ್ಯ ಬೀಳುವುದಿಲ್ಲ. ಬರಿ ಆರ್‌ಒ ಅಥವಾ ಮಳೆನೀರು ಹಾಕುವವರಿಗೆ ಮಾತ್ರ ಅದು ಬೇಕೇ ಬೇಕು. ಇಲ್ಲದಿದ್ದರೆ ಹೊಸ ಎಲೆಯ ತುದಿ ಕಪ್ಪಾಗುತ್ತಾ ಹೋಗುತ್ತದೆ.

ಮೀಟರಿನ ಒಂದು ಮಿತಿ ತಿಳಿದಿರಲಿ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಪ್ರಮಾಣವನ್ನು. ಯೂರಿಯಾ ಕರಗಿದರೂ ಅಂಕಿ ಏರುವುದಿಲ್ಲ. 'ಯೂರಿಯಾ ಹಾಕಿದರೂ ಮೀಟರ್ 200ರಲ್ಲೇ ಇದೆ' ಎಂದು ಮತ್ತಷ್ಟು ಹಾಕಬೇಡಿ.

ಆರ್‌ಒ ಯಂತ್ರ ಹೊರಬಿಡುವ ನೀರು ಮನೆಗೆ ಬರುವ ನೀರಿಗಿಂತಲೂ ಗಡಸು. ಅದನ್ನು ನೆಲ ಒರೆಸಲು ಬಳಸಿ, ಆರ್ಕಿಡ್‌ಗೆ ಬೇಡ. ಉಪ್ಪಿನ ಹರಳು ತುಂಬುವ ಸಾಫ್ಟನರ್ ನೀರೂ ಬೇಡ. ಅದು ಸುಣ್ಣ ತೆಗೆದು ಅದರ ಜಾಗಕ್ಕೆ ಸೋಡಿಯಂ ಇಡುತ್ತದೆ, ಬಟ್ಟೆಗೆ ಚೆನ್ನ, ಬೇರಿಗೆ ಕೆಟ್ಟದ್ದು. ಮಳೆನೀರು ಹಿಡಿಯುವವರು ತಾರಸಿಯ ಮೊದಲ ಹತ್ತು ಹದಿನೈದು ನಿಮಿಷದ ಧೂಳಿನ ನೀರನ್ನು ಬಿಟ್ಟು ಆಮೇಲಿನದನ್ನು ತುಂಬಿಕೊಳ್ಳಿ.

ಈಗಿರುವ ಗಿಡಕ್ಕೆ ಮಾಡಬೇಕಾದದ್ದು: ಗೊಬ್ಬರ ಪೂರ್ತಿ ನಿಲ್ಲಿಸಿ. ಕುಂಡ ಹಿಡಿಯುವಷ್ಟು ಅಳತೆಯ ಒಳ್ಳೆಯ ನೀರನ್ನು ನಿಧಾನವಾಗಿ ಸುರಿಯಿರಿ, ಅರ್ಧ ಗಂಟೆ ಬಿಡಿ, ಅಷ್ಟೇ ನೀರನ್ನು ಇನ್ನೊಮ್ಮೆ ಸುರಿಯಿರಿ. ಮೊದಲ ನೀರು ಒಣಗಿದ ಉಪ್ಪನ್ನು ಕರಗಿಸುತ್ತದೆ, ಎರಡನೆಯದು ಹೊರಗೆ ಒಯ್ಯುತ್ತದೆ. ಒಂದೇ ಸಲ ಬಕೆಟ್ ಬಗ್ಗಿಸಿದರೆ ನೀರು ಸಂದುಗಳಲ್ಲಿ ಓಡಿಹೋಗುತ್ತದೆ, ಉಪ್ಪು ಇದ್ದಲ್ಲೇ ಇರುತ್ತದೆ. ವಾರಕ್ಕೊಮ್ಮೆ ಹೀಗೆ ಮೂರು ವಾರ. ಕುಂಡದ ಹೊರಮೈಯನ್ನು ತೆಂಗಿನ ನಾರಿನಿಂದ ಉಜ್ಜಿ. ಇದ್ದಿಲು ಒಳಗೂ ಬೆಳ್ಳಗಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸ ಇದ್ದಿಲಿಗೆ ಬದಲಾಯಿಸಿ. ಇದ್ದಿಲು ಉಪ್ಪನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಗಡಸು ನೀರಿನ ಮನೆಗಳಲ್ಲಿ ವರ್ಷ ಒಂದೂವರೆ ವರ್ಷಕ್ಕೆ ಬದಲಿಸುವುದು ವಾಸಿ. ಮತ್ತೆ ಗೊಬ್ಬರ ಶುರು ಮಾಡುವುದು ಹೊಸ ಬೇರಿನ ಹಸಿರು ತುದಿ ಕಣ್ಣಿಗೆ ಬಿದ್ದ ಮೇಲೆಯೇ.

ಪ್ರಶ್ನೆ: ಗೊಬ್ಬರ ಕೊಡುವ ಮುಂಚೆ ಬರಿ ನೀರು ಹಾಕಿ ಬೇರು ನೆನೆಸಬೇಕು ಎಂದು ಕೆಲವರು, ಒಣಗಿದ ಬೇರಿಗೇ ಕೊಡಬೇಕು ಎಂದು ಕೆಲವರು. ಯಾವುದು ಸರಿ?
— ಓದುಗರು, ಹುಣಸೂರು

ಉತ್ತರ: ಎರಡಕ್ಕೂ ಕಾರಣವಿದೆ. ಆರ್ಕಿಡ್ ಬೇರಿನ ಸುತ್ತ ವೆಲಾಮೆನ್ ಎಂಬ ಸ್ಪಂಜಿನಂಥ ಪದರ ಇದೆ. ಒಣಗಿದ್ದಾಗ ಬೆಳ್ಳಿಯ ಬಣ್ಣ, ನೆಂದಾಗ ಹಸಿರು. ಒಣಗಿದ ಪದರ ತನಗೆ ಮೊದಲು ತಾಗಿದ ನೀರನ್ನು ಕ್ಷಣಮಾತ್ರದಲ್ಲಿ ಹೀರಿ ಹಿಡಿದುಕೊಳ್ಳುತ್ತದೆ. ಕಾಡಿನಲ್ಲಿ ಮಳೆಯ ಮೊದಲ ಹನಿಗಳು ಕೊಂಬೆಯ ಮೇಲಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಬರುತ್ತವೆ. ಪೋಷಕಾಂಶ ಇರುವುದು ಆ ಮೊದಲ ನೀರಿನಲ್ಲೇ. ಹಾಗಾಗಿ ಅರ್ಧ ಗ್ರಾಂ ಅಥವಾ ಅದಕ್ಕೂ ತೆಳುವಾದ ಗೊಬ್ಬರ ಕೊಡುವವರು ಮೊದಲು ನೆನೆಸಬೇಕಿಲ್ಲ. ನೆನೆಸಿದರೆ ಪದರ ಬರಿ ನೀರಿನಿಂದ ತುಂಬಿರುತ್ತದೆ, ಗೊಬ್ಬರದ ಪಾಲು ಹೆಚ್ಚಾಗಿ ತೂತಿನಿಂದ ಹೋಗುತ್ತದೆ. ಲೀಟರಿಗೆ ಒಂದು ಗ್ರಾಂ ದಾಟಿ ಕೊಡುವವರು ನೆನೆಸಲೇಬೇಕು, ಇಲ್ಲದಿದ್ದರೆ ಬೇರು ಸುಡುತ್ತದೆ. ಅಷ್ಟು ಗಟ್ಟಿ ಕೊಡಬೇಡಿ ಎನ್ನುವುದೇ ನಮ್ಮ ಸಲಹೆ. ಏಪ್ರಿಲ್ ಬಿಸಿಲಿಗೆ ಬೇರು ಸುಕ್ಕುಗಟ್ಟಿದ್ದರೆ ಮಾತ್ರ ಹಿಂದಿನ ಸಂಜೆ ಬರಿ ನೀರು, ಮರುದಿನ ಬೆಳಿಗ್ಗೆ ಗೊಬ್ಬರ.

ಪ್ರಶ್ನೆ: ರಾಸಾಯನಿಕ ಬಳಸುವ ಮನಸ್ಸಿಲ್ಲ. ಗಂಜಲ, ಜೀವಾಮೃತ, ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ನೀರು, ಕಡಲೆಕಾಯಿ ಹಿಂಡಿ ಇವುಗಳಲ್ಲಿ ಯಾವುದು ಆಗುತ್ತದೆ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮಣ್ಣಿನ ಗಿಡಕ್ಕೆ ಇವೆಲ್ಲ ಒಳ್ಳೆಯವು, ಏಕೆಂದರೆ ಮಣ್ಣಿನಲ್ಲಿ ಇವನ್ನು ಅರಗಿಸಿ ಗಿಡಕ್ಕೆ ಬಡಿಸುವ ಸೂಕ್ಷ್ಮಜೀವಿಗಳು ಕೋಟ್ಯಂತರ ಇವೆ. ಇದ್ದಿಲು, ಹೆಂಚಿನ ಚೂರಿನ ಕುಂಡದಲ್ಲಿ ಆ ಬಳಗ ತೀರಾ ಚಿಕ್ಕದು. ಹಾಕಿದ್ದು ಅರಗುವ ಮೊದಲೇ ಕೊಳೆಯುತ್ತದೆ.

ಹಿಂಡಿ ಪುಡಿಯನ್ನು ಕುಂಡಕ್ಕೆ ಹಾಕಿದರೆ ಬೂಷ್ಟು, ಹುಳು, ವಾಸನೆ. ನೆನೆಸಿ ಕೊಳೆಸಿದ ಹಿಂಡಿ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬ ತೆಳುವಾಗಿ ಕೊಡುವವರಿದ್ದಾರೆ, ಅದು ತೆರೆದ ಜಾಗದ ವಾಂಡಾ, ಡೆಂಡ್ರೋಬಿಯಂಗೆ ನಡೆದೀತು. ಮನೆಯೊಳಗಿನ ಫಲೆನಾಪ್ಸಿಸ್‌ಗೆ ಆಗದು. ಜೀವಾಮೃತದಲ್ಲಿ ಬೆಲ್ಲವಿದೆ. ಬೆಲ್ಲಕ್ಕೆ ಇರುವೆ, ಇರುವೆಯ ಹಿಂದೆ ಬಿಳಿ ಹಿಟ್ಟು ತಿಗಣೆ. ಇರುವೆಗಳು ಅದನ್ನು ದನ ಸಾಕಿದಂತೆ ಸಾಕುತ್ತವೆ. ಆರ್ಕಿಡ್ ಎಲೆಯ ಸಂದಿಗೆ ಅದು ಹೊಕ್ಕರೆ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಕ್ಕಿ ತೊಳೆದ ನೀರಿನಲ್ಲಿರುವುದು ಮುಖ್ಯವಾಗಿ ಗಂಜಿ. ಅದು ಬೇರಿನ ಮೇಲೆ ಅಂಟಿ ಬೂಷ್ಟಿಗೆ ಊಟವಾಗುತ್ತದೆ. ಬಾಳೆಸಿಪ್ಪೆಯ ನೀರಿನಲ್ಲಿ ಕೊಂಚ ಪೊಟ್ಯಾಷ್ ಇದ್ದೀತು, ಜೊತೆಗೆ ಸಕ್ಕರೆಯೂ ಇದೆ, ಸಾರಜನಕ ಹೆಸರಿಗಷ್ಟೇ. ಬೆಳ್ಳುಳ್ಳಿ ನೀರು, ಹಾಲು, ಕಾಫಿ ಚರಟಗಳನ್ನು ವಿಡಿಯೊ ಮಾಡುವವರಿಗೇ ಬಿಟ್ಟುಬಿಡಿ.

ಗಂಜಲ ಕೊಡಬಹುದು. ಸೋಸಿ, ಒಂದಕ್ಕೆ 50 ಪಾಲು ನೀರು ಬೆರೆಸಿ, ತಿಂಗಳಿಗೊಮ್ಮೆ, ತೆರೆದ ಜಾಗದ ದೊಡ್ಡ ಗಿಡಕ್ಕೆ. ಅದರಲ್ಲಿ ಸಾರಜನಕವೂ ಪೊಟ್ಯಾಷೂ ಉಂಟು, ರಂಜಕ ತೀರಾ ಕಡಿಮೆ. ಹಸುವಿನ ಮೇವಿಗೆ ತಕ್ಕಂತೆ ಉಪ್ಪಿನಂಶ ಏರಿಳಿಯುತ್ತದೆ. ಹಾಗಾಗಿ ಬೆರೆಸಿದ ಮೇಲೂ ಟಿಡಿಎಸ್ ನೋಡಿ, 500ರ ಒಳಗಿರಲಿ. ಮರುದಿನ ಬರಿ ನೀರು ಹಾಯಿಸಿ. ಸಮುದ್ರಪಾಚಿಯ ಸಾರ ಲೀಟರಿಗೆ 1 ಮಿ.ಲೀ.ನಂತೆ ತಿಂಗಳಿಗೊಮ್ಮೆ ಕೊಟ್ಟರೆ ಬೇರು ಒಡೆಯಲು ಸಹಾಯವಾಗುತ್ತದೆ. ಆದರೆ ಅದು ಊಟವಲ್ಲ, ಅದರಲ್ಲಿ ಎನ್‌ಪಿಕೆ ಬಹಳ ಕಡಿಮೆ. ನಿಮ್ಮ ಮನಸ್ಸು ನೋಯಿಸುವ ಇಚ್ಛೆಯಿಲ್ಲ, ಆದರೂ ನೇರವಾಗಿ ಹೇಳಬೇಕೆಂದರೆ ವಾರಕ್ಕೆ ಅರ್ಧ ಗ್ರಾಂ ಉಪ್ಪಿನ ಗೊಬ್ಬರದಷ್ಟು ಶುಚಿಯಾದ, ಅಳತೆಗೆ ಸಿಗುವ ಸಾವಯವ ದಾರಿ ಇದ್ದಿಲ ಕುಂಡಕ್ಕೆ ಇಲ್ಲ.

ಪ್ರಶ್ನೆ: ಗದ್ದೆಗೆ ತಂದಿದ್ದ 17:17:17 ಕಾಳುಗೊಬ್ಬರವನ್ನು ಪ್ರತಿ ಕುಂಡಕ್ಕೆ ಒಂದು ಚಮಚ ಹಾಕಿದೆ. ನಾಲ್ಕೇ ದಿನಕ್ಕೆ ಎಲೆಗಳು ಸೊರಗಿ ಜೋತುಬಿದ್ದಿವೆ. ಉಳಿಸಬಹುದೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಇವತ್ತೇ ಗಿಡವನ್ನು ಕುಂಡದಿಂದ ಕಿತ್ತು ತೆಗೆಯಿರಿ. ಮೇಲಿಂದ ನೀರು ಹಾಕುತ್ತಾ ಕೂರಬೇಡಿ, ಸಂದಿಯಲ್ಲಿ ಸಿಕ್ಕಿಕೊಂಡ ಕಾಳುಗಳು ಅದರಿಂದ ಇನ್ನಷ್ಟು ಕರಗಿ ಬೇರಿಗೆ ಇಳಿಯುತ್ತವೆ. ಇದ್ದಿಲು, ಚೂರು ಎಲ್ಲವನ್ನೂ ಎಸೆಯಿರಿ. ಬೇರನ್ನು ಹರಿಯುವ ನೀರಿನಲ್ಲಿ ತೊಳೆದು, ಬಕೆಟ್ ನೀರಿನಲ್ಲಿ ಹದಿನೈದು ನಿಮಿಷ ಅದ್ದಿ, ನೀರು ಬದಲಿಸಿ ಇನ್ನೊಮ್ಮೆ ಅದ್ದಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಟೊಳ್ಳಾಗಿ ಸಿಗುವ ಬೇರನ್ನು ಒಲೆಯ ಉರಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ತೆಗೆಯಿರಿ. ಗಟ್ಟಿ ಬೇರು ಕಂದು ಬಣ್ಣದ್ದಾದರೂ ಇರಲಿ. ಕತ್ತರಿಸಿದ ತುದಿ ಒಂದು ದಿನ ನೆರಳಲ್ಲಿ ಆರಲಿ. ಆಮೇಲೆ ಹೊಸ ಇದ್ದಿಲಿನಲ್ಲಿ ನೆಟ್ಟು, ಬಿಸಿಲು ತಾಗದ ಕಡೆ ಇಟ್ಟು, ಬರಿ ನೀರು ಕೊಡಿ. ನಾಲ್ಕೈದು ಗಟ್ಟಿ ಬೇರು ಉಳಿದಿದ್ದರೆ ಗಿಡ ಬದುಕುತ್ತದೆ. ಹೊಸ ಬೇರು ಬರುವವರೆಗೆ ಗೊಬ್ಬರದ ಹೆಸರೆತ್ತಬೇಡಿ.

ಡಿಎಪಿ, ಯೂರಿಯಾ, ಪೊಟ್ಯಾಷ್ ಕಾಳುಗಳೂ ಹೀಗೆಯೇ ಸುಡುತ್ತವೆ. ಗದ್ದೆಯ ಮಣ್ಣು ಉಪ್ಪನ್ನು ಹಿಡಿದು ಹಂಚಿ ಕೊಡುತ್ತದೆ. ಆರ್ಕಿಡ್ ಕುಂಡದಲ್ಲಿ ಕಾಳು ಬೇರಿಗೇ ಅಂಟಿ ಕೂರುತ್ತದೆ. ಕಾಳೇ ಬೇಕೆನ್ನುವವರಿಗೆ ಮೇಲೆ ಲೇಪನವಿರುವ, ತಿಂಗಳುಗಟ್ಟಲೆ ನಿಧಾನಕ್ಕೆ ಬಿಡುವ ಬಗೆಯ ಗೊಬ್ಬರ ಸಿಗುತ್ತದೆ. ಆರಿಂಚಿನ ಕುಂಡಕ್ಕೆ 3 ಗ್ರಾಂ, ಸಣ್ಣ ಬಲೆಚೀಲದಲ್ಲಿ ಕಟ್ಟಿ ಮೇಲೆ ಇಡಬೇಕು. ಬಿಸಿ ಏರಿದಷ್ಟೂ ಅದು ಬೇಗ ಬಿಡುತ್ತದೆ. ಏಪ್ರಿಲ್ ಬಂದಾಗ ಚೀಲ ಎತ್ತಿಟ್ಟರಾಯಿತು, ಅದಕ್ಕಾಗಿಯೇ ಚೀಲ.

ಪ್ರಶ್ನೆ: ಡೆಂಡ್ರೋಬಿಯಂ ಎರಡು ವರ್ಷದಿಂದ ಹೂ ಬಿಟ್ಟಿಲ್ಲ. ಹೂವಿಗೆಂದು 0:52:34 ಕೊಡುತ್ತಲೇ ಇದ್ದೇನೆ. ಕಡ್ಡಿಯ ಗಿಣ್ಣಿನಲ್ಲಿ ಮರಿಗಿಡ ಬರುತ್ತವೆ, ಹೂ ಬರುವುದಿಲ್ಲ.
— ಓದುಗರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ರಂಜಕ ಸುರಿದರೆ ಹೂ ಬರುತ್ತದೆ ಎಂಬುದು ಗೊಬ್ಬರ ಮಾರುವವರಿಗೆ ಲಾಭದ ನಂಬಿಕೆ. ಆಗಲೇ ಹೇಳಿದ ಮಿಷಿಗನ್ ಗೊಬ್ಬರದ ಅಂಕಿ 13:3:15. ಅದರಲ್ಲಿ ರಂಜಕದ ಪಾಲು ಬರೀ 3, ಆದರೂ ಹೂ ಧಾರಾಳ. ರಂಜಕ ಹೆಚ್ಚಾದರೆ ಕಬ್ಬಿಣ, ಸತು ಬೇರಿಗೆ ದಕ್ಕದಂತಾಗಿ ಹೊಸ ಎಲೆ ಹಳದಿಯಾಗುತ್ತದೆ. 0:52:34 ನಿಲ್ಲಿಸಿ.

ಹೂವಿಲ್ಲದಿರುವುದಕ್ಕೆ ಎರಡು ಕಾರಣ ಇರಬಹುದು. ನಿಮ್ಮದು ಮೈಸೂರಿನ ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವ, ಕಡ್ಡಿಯ ತುದಿಯಿಂದ ಉದ್ದ ಗೊಂಚಲು ಬಿಡುವ ಬಗೆಯಾದರೆ ಬೆಳಕು ಸಾಲುತ್ತಿಲ್ಲ. ಎಲೆ ಕಡು ಹಸಿರಾಗಿದ್ದರೆ ಅದೇ ಸಾಕ್ಷಿ, ಇರಬೇಕಾದದ್ದು ತಿಳಿ ಹಸಿರು. 50 ಪ್ರತಿಶತ ನೆರಳು ಕೊಡುವ ಹಸಿರು ನೆಟ್ಟಿನ ಕೆಳಗೆ, ಬೆಳಗಿನ ಬಿಸಿಲು ನೇರವಾಗಿ ತಾಗುವ ಕಡೆಗೆ ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಸರಿಸಿ.

ಹೂ ಕಡ್ಡಿಯುದ್ದಕ್ಕೂ ಗಿಣ್ಣುಗಿಣ್ಣಿನಲ್ಲಿ ಬಿಡುವ ನೋಬಿಲೆ ಬಗೆಯಾದರೆ ಕಥೆಯೇ ಬೇರೆ. ಅದು ಚಳಿಗಾಲದಲ್ಲಿ ಉಪವಾಸ ಬೇಡುವ ಗಿಡ. ಅಕ್ಟೋಬರ್ ಮೊದಲ ವಾರಕ್ಕೆ ಗೊಬ್ಬರ ಪೂರ್ತಿ ನಿಲ್ಲಿಸಬೇಕು. ನವೆಂಬರಿನಿಂದ ನೀರನ್ನೂ ಕಡ್ಡಿ ಸುಕ್ಕಾಗದಷ್ಟಕ್ಕೆ ಇಳಿಸಿ, ರಾತ್ರಿಯ ತಂಪು ತಾಗುವಂತೆ ಹೊರಗಿಡಬೇಕು. ಮೈಸೂರಿನ ಡಿಸೆಂಬರ್ ರಾತ್ರಿ 16–17 ಡಿಗ್ರಿಗೆ ಇಳಿಯುತ್ತದೆ. ನೋಬಿಲೆಗೆ ಇದಕ್ಕಿಂತ ತಂಪು ಇದ್ದರೆ ಇನ್ನೂ ಇಷ್ಟ, ಆದರೂ ನೀರು ಗೊಬ್ಬರ ಬಿಗಿ ಹಿಡಿದರೆ ಮೊಗ್ಗು ಮೂಡುತ್ತವೆ. ಆ ತಿಂಗಳುಗಳಲ್ಲಿ ಸಾರಜನಕ ಸಿಕ್ಕಿದರೆ ಹೂವಾಗಬೇಕಾದ ಮೊಗ್ಗೇ ಮರಿಗಿಡವಾಗಿಬಿಡುತ್ತದೆ. ನಿಮ್ಮ ಗಿಡದಲ್ಲಿ ಆಗಿರುವುದು ಇದೇ ಎನಿಸುತ್ತದೆ. ಮೊಗ್ಗು ಗುಂಡಗಾಗಿ ಕಂಡ ಮೇಲೆ ನೀರು, ಹೊಸ ಚಿಗುರು ಎದ್ದ ಮೇಲೆ ಗೊಬ್ಬರ.

ಫಲೆನಾಪ್ಸಿಸ್ ಇಟ್ಟವರೂ ಇದನ್ನು ಗಮನಿಸಿ. ಅದಕ್ಕೆ ಹೂಕಡ್ಡಿ ಮೂಡುವುದು ಕೆಲವು ವಾರಗಳ ತಂಪಿನಿಂದ. ನವೆಂಬರಿನಲ್ಲಿ ಕಿಟಕಿ ತೆರೆದಿಡುವುದು ಯಾವ 'ಬ್ಲೂಮ್ ಬೂಸ್ಟರ್'ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ, ಅದೂ ಪುಕ್ಕಟೆ.

ಪ್ರಶ್ನೆ: ಬುಟ್ಟಿಯಲ್ಲಿ ಬೇರು ಇಳಿಬಿಟ್ಟಿರುವ ವಾಂಡಾಕ್ಕೆ ಗೊಬ್ಬರ ನಿಲ್ಲುವುದು ಎಲ್ಲಿ?
— ಓದುಗರು, ಮದ್ದೂರು

ಉತ್ತರ: ಬೇರಿನಲ್ಲೇ. ಬಕೆಟಿನಲ್ಲಿ ಅರ್ಧ ಗ್ರಾಂ ಲೆಕ್ಕದ ನೀರು ಮಾಡಿ, ಬೇರನ್ನೆಲ್ಲ ಅದ್ದಿ 10 ನಿಮಿಷ ಬಿಡಿ. ಬೆಳ್ಳಿಯ ಬೇರು ಪೂರ್ತಿ ಹಸಿರಾಗಬೇಕು. ವಾಂಡಾ ಹೊಟ್ಟೆಬಾಕ. ಬೇಸಿಗೆಯಿಂದ ಮಳೆಗಾಲದವರೆಗೆ ವಾರಕ್ಕೆ ಎರಡು ಸಲ ಕೊಟ್ಟರೂ ತಡೆಯುತ್ತದೆ, ಉಳಿದ ದಿನ ಬೆಳಿಗ್ಗೆ ಬರಿ ನೀರು. ಹತ್ತು ಗಿಡವಿದ್ದು ಒಂದೇ ಬಕೆಟಿನಲ್ಲಿ ಸರದಿಯಂತೆ ಅದ್ದಿದರೆ ಒಂದರ ರೋಗ ಹತ್ತಕ್ಕೂ ಹತ್ತುತ್ತದೆ. ಆಗ ಕೈಪಂಪಿನಿಂದ ಬೇರಿನ ಮೇಲೆ ಎರಡು ಸಲ, ಐದು ನಿಮಿಷ ಬಿಟ್ಟು, ಸಿಂಪಡಿಸುವುದು ಮೇಲು.

ಪ್ರಶ್ನೆ: ಮನೆಯದೇ ತೆಂಗಿನಮಟ್ಟೆ ಬೇಕಾದಷ್ಟಿದೆ. ಕತ್ತರಿಸಿ ಆರ್ಕಿಡ್ ನೆಟ್ಟೆ, ಎಲೆ ಹಳದಿಯಾಗುತ್ತಿದೆ.
— ಓದುಗರು, ಪಾಂಡವಪುರ

ಉತ್ತರ: ಹಸಿ ಮಟ್ಟೆಯಲ್ಲಿ ಪೊಟ್ಯಾಷ್, ಸೋಡಿಯಂ, ಕಂದು ಬಣ್ಣದ ಒಗರು ಇರುತ್ತವೆ. ಪೊಟ್ಯಾಷ್ ಅತಿಯಾದರೆ ಗಿಡಕ್ಕೆ ಸುಣ್ಣ, ಮೆಗ್ನೀಶಿಯಂ ಸಿಗುವುದಿಲ್ಲ. ಹಳೆಯ ಎಲೆಯ ನರಗಳ ನಡುವೆ ಹಳದಿ ಬಂದಿದ್ದರೆ ಮೆಗ್ನೀಶಿಯಂ ಕೊರತೆ ಇರಬಹುದು. ಎಪ್ಸಂ ಉಪ್ಪು ಲೀಟರಿಗೆ 1 ಗ್ರಾಂನಂತೆ ತಿಂಗಳಿಗೊಮ್ಮೆ ಎರಡು ಮೂರು ಸಲ ಕೊಟ್ಟು ನೋಡಿ. ಹಳದಿಯಾದ ಎಲೆ ಹಸಿರಾಗದೆ ಇರಬಹುದು, ಹೊಸದು ಚೆನ್ನಾಗಿ ಬರುತ್ತದೆ.

ಮುಂದಿನ ಸಲ ನೆಡುವ ಮೊದಲು: ಒಣಮಟ್ಟೆಯನ್ನು ಒಂದಿಂಚಿನ ತುಂಡು ಮಾಡಿ, ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ. ಕಾಫಿ ಬಣ್ಣ ಹೋಗಿ ತಿಳಿಯಾಗುವವರೆಗೆ, ಸುಮಾರು ಒಂದು ವಾರ. ಆಮೇಲೆ ಲೀಟರಿಗೆ 10 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ಒಂದು ರಾತ್ರಿ. ಸುಣ್ಣದಂಶ ಮಟ್ಟೆಗೆ ಅಂಟಿಕೊಂಡು ಪೊಟ್ಯಾಷ್, ಸೋಡಿಯಂಗಳನ್ನು ಹೊರದಬ್ಬುತ್ತದೆ. ಬೆಳಿಗ್ಗೆ ಎರಡು ಸಲ ತೊಳೆದು ಬಳಸಿ. ಆ 10 ಗ್ರಾಂ ಮಟ್ಟೆಗೆ, ಗಿಡಕ್ಕಲ್ಲ.

ಪ್ರಶ್ನೆ: ಹೂವಿರುವಾಗ ಗೊಬ್ಬರ ಕೊಟ್ಟರೆ ಹೂ ಉದುರುತ್ತದೆಯೇ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಕಾಲು ಗ್ರಾಂನಿಂದ ಉದುರುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಕೊಡಿ. ಹೂವಿನ ಮೇಲೆ ಬೀಳಿಸಬೇಡಿ, ಕಲೆ ಉಳಿಯುತ್ತದೆ. ನರ್ಸರಿಯಿಂದ ಈಗಷ್ಟೇ ತಂದ ಹೂಗಿಡಕ್ಕೆ ಒಂದು ತಿಂಗಳು ಏನೂ ಬೇಡ. ಮೊಗ್ಗು ಉದುರುತ್ತಿದ್ದರೆ ಗೊಬ್ಬರಕ್ಕಿಂತ ಹೆಚ್ಚಾಗಿ ಜಾಗ ಬದಲಾದದ್ದು, ಒಣಗಾಳಿ, ಪಕ್ಕದಲ್ಲಿಟ್ಟ ಹಣ್ಣಿನ ಬುಟ್ಟಿ ಇವೇ ಕಾರಣ. ಮಾಗುವ ಬಾಳೆ, ಮಾವು ಬಿಡುವ ಎಥಿಲೀನ್ ಅನಿಲ ಮೊಗ್ಗನ್ನು ಉದುರಿಸುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ 19:19:19 ಪೊಟ್ಟಣ ಉಂಡೆಕಟ್ಟಿ ಒದ್ದೆಯಾಗಿದೆ. ಎಸೆಯಬೇಕೆ?
— ಓದುಗರು, ನಾಗಮಂಗಲ

ಉತ್ತರ: ಬೇಡ, ಸತ್ವ ಹೋಗಿಲ್ಲ. ಆದರೆ ತೂಕದಲ್ಲಿ ನೀರೂ ಸೇರಿಕೊಂಡಿದೆ, ಚಮಚದ ಲೆಕ್ಕ ಕೆಟ್ಟಿತು. ಎಲ್ಲವನ್ನೂ ಒಟ್ಟಿಗೆ ಕರಗಿಸಿಟ್ಟರೆ ತಿಂಗಳುಗಟ್ಟಲೆ ಉಳಿಯದು. ಉಂಡೆ ಒಡೆದು ಮಣ್ಣಿನ ಗಿಡಗಳಿಗೆ ಬಳಸಿ, ಆರ್ಕಿಡ್‌ಗೆ ಹೊಸದು ತನ್ನಿ. ತಂದ ದಿನವೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ. ಕಬ್ಬಿಣದ ಡಬ್ಬಿ ತುಕ್ಕು ಹಿಡಿಯುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಇದಕ್ಕಿಂತ ಬೇಗ ನೀರೆಳೆಯುತ್ತದೆ. ನೈಟ್ರೇಟ್ ಗೊಬ್ಬರಗಳು ಬೆಂಕಿಗೆ ಇಂಬು ಕೊಡುವಂಥವು, ಒಲೆಯ ಹತ್ತಿರದ ಶೆಲ್ಫಿನಲ್ಲಿ ಇಡಬೇಡಿ.

ಪ್ರಶ್ನೆ: ಮಲೆನಾಡಿನ ನೆಂಟರು ಬಿದ್ದ ಕೊಂಬೆಯಿಂದ ಬಿಡಿಸಿಕೊಟ್ಟ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡನ್ನು ಮನೆ ಮುಂದಿನ ಮಾವಿನ ಮರಕ್ಕೆ ಕಟ್ಟಿದ್ದೇವೆ. ಅದಕ್ಕೂ ಗೊಬ್ಬರ ಬೇಕೆ?
— ಓದುಗರು, ಕೆ.ಆರ್. ನಗರ

ಉತ್ತರ: ಬೇರು ತೊಗಟೆಗೆ ಕಚ್ಚಿಕೊಳ್ಳುವವರೆಗೆ ಬರಿ ನೀರು. ಮಲೆನಾಡಿನ ತೇವ ನಿಮ್ಮಲ್ಲಿಲ್ಲ, ಆದ್ದರಿಂದ ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ದಿನಾ ಬೆಳಿಗ್ಗೆ ಬೇರಿಗೆ ನೀರು ಚಿಮುಕಿಸಿ. ಕಚ್ಚಿಕೊಂಡ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಎರಡು ಸಲ ಕಾಲು ಗ್ರಾಂ ಲೆಕ್ಕದ ನೀರು ಸಿಂಪಡಿಸಿದರೆ ಬೇಗ ಬೆಳೆಯುತ್ತದೆ, ಸಿಂಪಡಿಸದಿದ್ದರೂ ಬದುಕುತ್ತದೆ. ಮರದ ಧೂಳು, ಎಲೆಕಸ, ಹಕ್ಕಿಗಳ ಕೃಪೆ ಅದಕ್ಕೆ ಸಾಕು. ಹೂ ಬರುವುದು ಮೇ, ಜೂನ್ ಸುಮಾರಿಗೆ. ಇನ್ನೊಂದು ಬೇಕೆನಿಸಿದರೆ ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ. ಮೀಸಲು ಅರಣ್ಯದ ಮರದಿಂದ ಕಿತ್ತು ತರುವುದು ಕಾನೂನಿನ ಪ್ರಕಾರ ಅಪರಾಧ. ಮಾವಿನ ಮರಕ್ಕೆ ಔಷಧಿ ಹೊಡೆಸುವ ದಿನ ದಂಡೆಗೆ ಪ್ಲಾಸ್ಟಿಕ್ ಹೊದಿಸಲು ಮರೆಯಬೇಡಿ, ಸಂಜೆಗೆ ತೆಗೆದುಬಿಡಿ.